ಬಬಲ್ ಟೀ ಅಂಗಡಿ ಇಡ್ತೀರಾ? ಮಷಿನ್‌ಗಿಂತ ಮೊದಲು ಲೋಟ ನೋಡಿ

ಬಬಲ್ ಟೀ, ಅಂದ್ರೆ ಬೋಬಾ ಎಂಬ ಅಗಿಯುವ ಮೆತ್ತನೆ ಕಾಳು ಹಾಕಿದ ಚಹಾ, ಮಾರೋಣ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ತರುವುದು ಲೋಟದ ಬಾಯಿಗೆ ಹಾಳೆ ಅಂಟಿಸುವ ಸೀಲಿಂಗ್ ಮಷಿನ್. ಅದನ್ನು ಕೊನೆಗೆ ತನ್ನಿ. ಆ ಮಷಿನ್‌ಗಳು 90 ಅಥವಾ 95 ಮಿಲಿಮೀಟರ್‌ ಹೀಗೆ ನಿಗದಿ ಅಳತೆಯ ಬಾಯಿಗೆ ಮಾಡಿದವು. ಅದರ ಜೊತೆ ತೋರಿಸುವ ಪಳಪಳ ಹೊಳೆಯುವ ಪ್ಲಾಸ್ಟಿಕ್ ಲೋಟ ಇದೆಯಲ್ಲ, ಕರ್ನಾಟಕದಲ್ಲಿ ಪ್ಲಾಸ್ಟಿಕ್ ಲೋಟ 2016ರ ಮಾರ್ಚ್‌ನಿಂದಲೇ ನಿಷೇಧ, ದಪ್ಪ ಎಷ್ಟೇ ಇರಲಿ. 2022ರ ಜುಲೈ 1ರಿಂದ ಇಡೀ ದೇಶದಲ್ಲೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಸ್ಟ್ರಾ, ಚಮಚ, ಕಲಕುವ ಕಡ್ಡಿ ಎಲ್ಲವೂ ಬಂದ್.

"ಇದು ಫುಡ್ ಗ್ರೇಡ್ ಸಾರ್, ಏನೂ ಆಗಲ್ಲ" ಅಂತ ಹೋಲ್‌ಸೇಲ್‌ನವರು ಹೇಳ್ತಾರೆ. ಫುಡ್ ಗ್ರೇಡ್ ಅನ್ನೋದು ಕುಡಿಯುವವರ ಹೊಟ್ಟೆಗೆ ಸಂಬಂಧಿಸಿದ್ದು, ನಿಷೇಧ ಇರೋದು ಕಸಕ್ಕಾಗಿ. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ಹಾಗಾದ್ರೆ ಏನು ಮಾಡೋದು? ಅಂಗಡಿಯಲ್ಲೇ ಕೂತು ಕುಡಿಯುವವರಿಗೆ ಗಾಜಿನ ಲೋಟ ಕೊಡಿ. ತೊಳೆಯುವ ಕೆಲಸ ಜಾಸ್ತಿ, ಆದರೆ ಲೋಟದ ಖರ್ಚೂ ಉಳಿಯುತ್ತೆ, ನೋಡೋಕೂ ಚೆಂದ. ಪಾರ್ಸೆಲ್‌ಗೆ ಪೇಪರ್ ಲೋಟ ಅಥವಾ ಗೊಬ್ಬರವಾಗುವ ಕಾಂಪೋಸ್ಟಬಲ್ ಲೋಟ. ಕಾಂಪೋಸ್ಟಬಲ್ ಅಂದಮೇಲೆ ಮಾರುವವರ ಹತ್ತಿರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಲೋಟದ ಮೇಲೆ ಒಂದು ಎಲೆ ಚಿತ್ರ, "ಇಕೋ" ಅಂತ ಬರಹ ಇದ್ದರೆ ಸಾಲದು.

ನಿಜವಾದ ತಲೆನೋವು ಸ್ಟ್ರಾ. ಬೋಬಾ ಮೇಲೆ ಬರಬೇಕಾದ್ರೆ 10ರಿಂದ 12 ಮಿಲಿಮೀಟರ್ ಅಗಲವಾದರೂ ಬೇಕು. ಪೇಪರ್ ಸ್ಟ್ರಾ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತೆ, ಸೀಲ್ ಹಾಳೆಗೆ ಚುಚ್ಚಿದರೆ ಚೂಪು ತುದಿ ಮಡಚಿಕೊಳ್ಳುತ್ತೆ. ಅದಕ್ಕೇ ನನ್ನ ಮಾತು ಕೇಳಿದರೆ ಮಷಿನ್ ಸಹವಾಸವೇ ಬೇಡ, ತೂತಿರುವ ಪೇಪರ್ ಮುಚ್ಚಳ ಹಾಕಿ. ದೂರದ ಡೆಲಿವರಿಯೇ ನಿಮ್ಮ ವ್ಯಾಪಾರ ಆಗಿದ್ರೆ ಮಾತ್ರ ಮಷಿನ್ ನೋಡಿ. ಆಗಲೂ ಲೋಟ, ಹಾಳೆ, ಸ್ಟ್ರಾ ಮೂರರ ಸ್ಯಾಂಪಲ್ ತಂದು ಮನೆಯಲ್ಲಿ ಒಟ್ಟಿಗೆ ಪರೀಕ್ಷೆ ಮಾಡಿದ ಮೇಲೆ.

ಕಾಗದ ಪತ್ರ

ಇದು ಅಂದುಕೊಂಡಷ್ಟು ಕಷ್ಟ ಇಲ್ಲ. ತಳ್ಳುಗಾಡಿ ಇರಲಿ, ಮಳಿಗೆ ಇರಲಿ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕೇ ಬೇಕು. 2011ರ ನಿಯಮಾವಳಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ನೋಂದಣಿ ಸಾಕು, ಮೇಲಾದರೆ ಲೈಸೆನ್ಸ್ ಅಂತಿತ್ತು. ಈ ಮಿತಿ, ಶುಲ್ಕಗಳಿಗೆ ತಿದ್ದುಪಡಿ ಬರ್ತಾನೇ ಇರುತ್ತೆ, ಹಾಗಾಗಿ ಅರ್ಜಿ ಹಾಕುವ ದಿನ ಆ ಪ್ರಾಧಿಕಾರದ ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲೇ ನೋಡಿ. ಸಿಗುವ 14 ಅಂಕಿಯ ನಂಬರ್ ಅಂಗಡಿಯಲ್ಲಿ ಕಾಣುವಂತೆ ಹಾಕಿ, ಬಿಲ್ಲಿನಲ್ಲೂ ಮುದ್ರಿಸಿ. ಪಾಲಿಕೆ ಅಥವಾ ಪುರಸಭೆಯ ಉದ್ದಿಮೆ ಪರವಾನಗಿ ಬೇರೆ. ಬೋರ್ಡ್ ಬರೆಸುವಾಗ ನೂರಕ್ಕೆ 60 ಭಾಗ ಕನ್ನಡ ಇರಲಿ, 2024ರಿಂದ ಅದೂ ಕಾನೂನು.

ಪಾತ್ರೆಯೊಳಗೆ

ಬೋಬಾ ಮರಗೆಣಸಿನ ಪಿಷ್ಟದ್ದು, ನಮ್ಮ ಸಬ್ಬಕ್ಕಿಯ ಹಾಗೆಯೇ. ಒಂದು ಪಾಲು ಬೋಬಾಕ್ಕೆ ಎಂಟು ಹತ್ತು ಪಾಲು ನೀರು ಇಟ್ಟು, ನೀರು ಕೊತಕೊತ ಕುದಿಯುವಾಗ ಹಾಕಿ. ತಣ್ಣೀರಿಗೆ ಹಾಕಿದರೆ ಕರಗಿ ಗಂಜಿ. ಅರ್ಧ ಗಂಟೆ ಕುದಿಸಿ, ಒಲೆ ಆರಿಸಿ ಮುಚ್ಚಿ ಇನ್ನರ್ಧ ಗಂಟೆ ಬಿಡಿ. ಕಾಳಿನ ಗಾತ್ರ ನೋಡಿ ಹೊತ್ತು ಹೆಚ್ಚು ಕಡಿಮೆ ಮಾಡಿ: ಒಂದನ್ನು ಕಚ್ಚಿ ನೋಡಿ, ಒಳಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಆಮೇಲೆ ಕುಡಿಯುವ ನೀರಲ್ಲೇ ತೊಳೆದು ಬೆಲ್ಲದ ಪಾಕಕ್ಕೆ ಹಾಕಿ. ಫ್ರಿಜ್‌ನಲ್ಲಿಟ್ಟರೆ ಕಲ್ಲು, ಹೊರಗಿಟ್ಟರೆ ಹಳಸುತ್ತೆ. ಬೇಯಿಸಿದ ಹೊತ್ತನ್ನು ಡಬ್ಬಿ ಮೇಲೆ ಬರೆದು ನಾಲ್ಕು ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಚೆಲ್ಲೋಕೆ ಮನಸ್ಸು ಬರದವರು ಸಣ್ಣ ಸಣ್ಣ ಪಾತ್ರೆಯಲ್ಲಿ ದಿನಕ್ಕೆ ಮೂರು ಸಲ ಬೇಯಿಸಲಿ. ಹಾಲು 5 ಡಿಗ್ರಿ ಒಳಗೆ ಇರಬೇಕು. ಐಸ್ ಕೂಡ ಕುಡಿಯುವ ನೀರಿನದ್ದೇ, ಮೀನು ತಣ್ಣಗಿಡುವ ಐಸ್ ಗಡ್ಡೆ ಒಡೆದು ಹಾಕಬೇಡಿ.

ಚಿಕ್ಕ ಮಕ್ಕಳಿಗೆ ಬೋಬಾ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೋರ್ಡಿನಲ್ಲಿ ಬರೆಯಿರಿ, ಕೌಂಟರ್‌ನಲ್ಲೂ ಬಾಯಿಬಿಟ್ಟು ಹೇಳಿ.

ಪುಡಿ, ಬಣ್ಣ, ಹೆಸರು

ಹೊರದೇಶದ ಪುಡಿ, ಸಿರಪ್ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ. ಆಮದು ಮಾಡಿದವರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. 2013ರಲ್ಲಿ ತೈವಾನ್‌ನಲ್ಲೇ, ಅಂದ್ರೆ ಬೋಬಾ ಹುಟ್ಟಿದ ಊರಲ್ಲೇ, ಆಹಾರಕ್ಕೆ ಬಳಸುವಂತಿಲ್ಲದ ಮೆಲೆಯಿಕ್ ಆಮ್ಲ ಸೇರಿದ ಪಿಷ್ಟ ಸಿಕ್ಕಿ ದೊಡ್ಡ ಗಲಾಟೆ ಆಗಿತ್ತು. ಪುಡ್ಡಿಂಗ್, ಜೆಲ್ಲಿಗಳಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಮೂಲದ್ದು. ಹಸಿರು ಚುಕ್ಕೆ ನೋಡದೆ ಸಸ್ಯಾಹಾರಿಗಳಿಗೆ ಕೊಡಬೇಡಿ.

ನಮ್ಮಲ್ಲಿ ಅನುಮತಿ ಇರುವ ಕೃತಕ ಬಣ್ಣ ಎಂಟೇ, ಅವಕ್ಕೂ ಮಿತಿ ಇದೆ. 2024ರಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನ ರಾಜ್ಯ ಸರ್ಕಾರ ನಿಷೇಧಿಸಿದ್ದು ನೆನಪಿದೆ ಅಲ್ವಾ? ಪುಡಿಯಲ್ಲಿರುವ ಬಣ್ಣ ಸಾಲದು ಅಂತ ಮೇಲಿಂದ ಇನ್ನೊಂದು ಚಿಟಿಕೆ ಹಾಕೋ ಚಟ ಬೇಡ. ಇನ್ನು ಟಾರೋ, ಅಂದ್ರೆ ಕೆಸುವಿನ ಗೆಡ್ಡೆ ಫ್ಲೇವರ್‌ನದ್ದು, ಎಷ್ಟೋ ಕಡೆ ಚಹಾ ಸೊಪ್ಪೇ ಇಲ್ಲದೆ ಮಾಡ್ತಾರೆ. ಚಹಾ ಗಿಡದಿಂದ ಬರದ ಪಾನೀಯವನ್ನು ಟೀ ಅನ್ನುವಂತಿಲ್ಲ ಅಂತ ಎಫ್‌ಎಸ್‌ಎಸ್‌ಎಐ 2025ರ ಡಿಸೆಂಬರ್‌ನಲ್ಲಿ ಸ್ಪಷ್ಟ ಮಾಡಿದೆ. ಮೆನುವಿನಲ್ಲಿ ಟಾರೋ ಮಿಲ್ಕ್ ಅಂತ ಬರೆದರೆ ಮುಗೀತು, ಆದರೆ ಹಾಲಿನ ಬದಲು ಕ್ರೀಮರ್ ಪುಡಿ ಹಾಕಿದ್ರೆ ಮಿಲ್ಕ್ ಅನ್ನಲೂಬೇಡಿ.

ಆಹಾರ ಸುರಕ್ಷತಾ ಅಧಿಕಾರಿ ಬಂದು ಸ್ಯಾಂಪಲ್ ತೆಗೆದರೆ ಗಾಬರಿ ಬೇಡ. ಅದನ್ನು ನಾಲ್ಕು ಭಾಗ ಮಾಡ್ತಾರೆ, ಅದರಲ್ಲಿ ಒಂದನ್ನು ಮಾನ್ಯತೆ ಪಡೆದ ಲ್ಯಾಬ್‌ಗೆ ಕಳಿಸಿ ಅಂತ ನೀವೂ ಕೇಳಬಹುದು, ಖರ್ಚು ನಿಮ್ಮದು. ವರದಿ ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ. ತಪ್ಪು ಪುಡಿಯಲ್ಲೇ ಇತ್ತು ಅಂತ ತೋರಿಸೋಕೆ ಬೇಕಾಗೋದು ಬಿಲ್. ಬಿಲ್ಲಿನ ಮೇಲೆ, ಇಲ್ಲವೇ ಫಾರಂ ಇ ಎಂಬ ನಮೂನೆಯಲ್ಲಿ, ಮಾಲಿನ ಗುಣಮಟ್ಟಕ್ಕೆ ಖಾತರಿ ಬರೆದುಕೊಡುವುದು ಪೂರೈಕೆದಾರರ ಹೊಣೆ. ಕೊಡಲ್ಲ ಅಂದವರ ಹತ್ತಿರ ಕೊಳ್ಳಬೇಡಿ.