ಮಳೆಗಾಲವನ್ನು ಲೆಕ್ಕಕ್ಕಿಟ್ಟು ಟೆಲಿಸ್ಕೋಪ್ ಮಾಡಿ

ಟೆಲಿಸ್ಕೋಪ್ ಮಾಡುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೆಚ್ಚಿನವರು ಒಣ ಊರಿನವರು. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿದೆ. ಇಲ್ಲಿ ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಗಾಜನ್ನೂ ಅದು ಬಿಡುವುದಿಲ್ಲ. ಹಾಗಾಗಿ ಮಲೆನಾಡಿನವರಿಗೆ ನಾನು ಹೇಳುವುದು ಇಷ್ಟೇ: ಟೆಲಿಸ್ಕೋಪಿನ ತಳದಲ್ಲಿ ಬೆಳಕು ಕೂಡಿಸುವ ಕನ್ನಡಿ ಐದು ನಿಮಿಷದಲ್ಲಿ ಬಿಚ್ಚಿ ಹೊರಗೆ ಬರುವ ಹಾಗೆ ಮಾಡಿ. ಉಳಿದದ್ದೆಲ್ಲ ಆಮೇಲೆ.

ಮೊದಲ ಸಲಕ್ಕೆ 6 ಇಂಚಿನ ಕನ್ನಡಿ ಸಾಕು, ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕೆ ಇರುವ ದೂರ) 1200 ಮಿ.ಮೀ. ಆಸುಪಾಸು ಇರಲಿ. ಗಾಜು ಉಜ್ಜಿ ಕನ್ನಡಿಯನ್ನೂ ನೀವೇ ಮಾಡಬಹುದು, ಆದರೆ ಅದಕ್ಕೆ ತುಂಬಾ ತಾಳ್ಮೆ ಬೇಕು. ಸಿದ್ಧ ಕನ್ನಡಿ ತರಿಸಿದರೆ ಅವಮಾನವೇನಿಲ್ಲ. ಪೆಟ್ಟಿಗೆ ಮೇಲೆ ಬರೆದ ಅಳತೆ ನಂಬಿ ಮರ ಕೊಯ್ಯಬೇಡಿ. ಹುಣ್ಣಿಮೆ ಹತ್ತಿರದ ರಾತ್ರಿ, ಚಂದ್ರ ಇನ್ನೂ ಕೆಳಗಿರುವಾಗ ಕನ್ನಡಿಯನ್ನು ಅಂಗಳದಲ್ಲಿ ಅವನ ಕಡೆ ನಿಲ್ಲಿಸಿ. ಬಟರ್ ಪೇಪರ್‌ನ ಸಣ್ಣ ಪಟ್ಟಿ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಚಂದ್ರನ ಬಿಂಬ ಸುಮಾರು 11 ಮಿ.ಮೀ. ಅಗಲಕ್ಕೆ, ಕಲೆಗಳ ಸಮೇತ ಚೂಪಾಗಿ ಕೂರುತ್ತದೆ. ಅಲ್ಲಿಂದ ಕನ್ನಡಿಗೆ ಟೇಪ್ ಹಿಡಿಯಿರಿ. ಅದೇ ನಿಜವಾದ ಫೋಕಲ್ ಲೆಂತ್. ಸೂರ್ಯನ ಜೊತೆ ಈ ಆಟ ಬೇಡ. ಕಣ್ಣೂ ಹೋಗುತ್ತದೆ, ಬೆಂಕಿಯೂ ಹತ್ತುತ್ತದೆ.

ಕೊಳವೆಗೆ ರಟ್ಟು ಬೇಡವೇ ಬೇಡ, ಉಬ್ಬುತ್ತದೆ. ಪಿವಿಸಿ ಪೈಪ್ ತಡೆಯುತ್ತದೆ, ಆದರೆ ಭಾರ. ನನ್ನದಕ್ಕೆ ಕೊಳವೆಯೇ ಇಲ್ಲ. ಕೆಳಗೊಂದು ಮೇಲೊಂದು ಪ್ಲೈವುಡ್ ಪೆಟ್ಟಿಗೆ, ನಡುವೆ ಕಿಟಕಿ ಮಾಡುವವರ ಹತ್ತಿರ ಸಿಗುವ ಅಲ್ಯೂಮಿನಿಯಂ ಚೌಕ ಪೈಪು ನಾಲ್ಕು, ಬಿಗಿಯಲು ವಿಂಗ್ ನಟ್, ಸುತ್ತ ಕಪ್ಪು ಬಟ್ಟೆ. ಪ್ಲೈವುಡ್‌ನ ಕೊಯ್ದ ಅಂಚಿಗೆ ಎರಡು ಕೋಟ್ ವಾರ್ನಿಷ್ ಹೊಡೆಸಿ. ಆಚಾರಿಗಳು ಮುಖ ಚೆನ್ನಾಗಿ ಪಾಲಿಶ್ ಮಾಡಿ ಅಂಚು ಬಿಟ್ಟುಬಿಡುತ್ತಾರೆ, ನೀರು ಕುಡಿಯುವುದೇ ಅಲ್ಲಿ. ಕನ್ನಡಿ ಹಿಡಿಯುವ ಕ್ಲಿಪ್ಪು ಅದನ್ನು ಒತ್ತಬಾರದು, ನಡುವೆ ಒಂದು ಕಾಗದ ಸಲೀಸಾಗಿ ಆಡಬೇಕು. ಒತ್ತಿದರೆ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ.

ಸ್ಟ್ಯಾಂಡಿಗೆ ಡಾಬ್ಸನ್ ಮಾದರಿಯೇ ಸರಿ. ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ಮಠಕ್ಕೆ 1944ರಲ್ಲಿ ಸೇರಿದ ಸನ್ಯಾಸಿ. ಮಠದಲ್ಲಿದ್ದುಕೊಂಡೇ ಬೇಡದ ಮರ, ಗಾಜು ಕೂಡಿಸಿ ಟೆಲಿಸ್ಕೋಪ್ ಮಾಡುತ್ತಿದ್ದ. ತಿರುಗುವ ಹಲಗೆಗೆ ಸನ್‌ಮೈಕಾ, ಅದರಡಿ ಟೆಫ್ಲಾನ್‌ನ ಮೂರು ತುಂಡು, ಅಷ್ಟೇ. ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ. ಇಕ್ವಟೋರಿಯಲ್ ಅನ್ನುವ ಇನ್ನೊಂದು ಥರದ ಸ್ಟ್ಯಾಂಡನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ನಮ್ಮಲ್ಲಿ ಅದು ಬರೀ 14 ಡಿಗ್ರಿ ಮೇಲೆ, ಅಡಿಕೆ ಮರಗಳ ಹಿಂದೆ. ಹುಡುಕಿ ಸುಸ್ತಾಗೋದು ಬೇಡ ಅಲ್ವಾ?

ಈಗ ಥಂಡಿಯ ವಿಷಯ. ಮೊದಲ ಮಳೆಗೇ ಎರಡೂ ಕನ್ನಡಿ (ಕೆಳಗಿನ ದೊಡ್ಡದು, ಮೇಲಿನ ಪೆಟ್ಟಿಗೆಯಲ್ಲಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಚಿಕ್ಕದು), ಕಣ್ಣಿಟ್ಟು ನೋಡುವ ಐಪೀಸು ಎಲ್ಲ ಬಿಚ್ಚಿ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಜೊತೆಗೆ ಬಟ್ಟೆಯ ಚೀಲದಲ್ಲಿ ನೀಲಿ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ತೇವ 40ರಿಂದ 50 ಪರ್ಸೆಂಟ್ ಒಳಗಿರಲಿ. ಹರಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ವಿಷ, ಅದಕ್ಕೆ ಅಂತಲೇ ಹಳೆ ಬಾಣಲೆ ಬೇರೆ ಇಡಿ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಸಾಲದೇ ಅಂತ ನಮ್ಮಮ್ಮ ಕೇಳುತ್ತಾರೆ. ಒಣಗೇನೋ ಇರುತ್ತದೆ, ಆದರೆ ಹೊಗೆಯ ಜಿಡ್ಡು ಕೂತರೆ ತೆಗೆಯೋದು ಯಾರು?

ಕನ್ನಡಿ ಮೇಲಿನ ಅಲ್ಯೂಮಿನಿಯಂ ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪ. ಸ್ವಲ್ಪ ಧೂಳಿದ್ದರೆ ಸುಮ್ನೆ ಬಿಡಿ. ತೊಳೆಯಲೇಬೇಕಾದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಹತ್ತಿಯನ್ನು ಅದರ ಸ್ವಂತ ಭಾರದಲ್ಲಿ ಮಾತ್ರ ಎಳೆಯಿರಿ, ಒತ್ತಬೇಡಿ. ಕೊನೆಯ ನೀರು ಬಾವಿಯದ್ದಲ್ಲ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಆಮೇಲೆ ಓರೆಯಾಗಿ ನಿಲ್ಲಿಸಿ, ಒರೆಸಬೇಡಿ.

15x70ರಂಥ (15 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 70 ಮಿ.ಮೀ. ಇರುವ) ದೊಡ್ಡ ಬೈನಾಕ್ಯುಲರ್ ಇದ್ದವರು ಅದರ ಜೊತೆ ಬರುವ ಸ್ಪಂಜಿನ ಚೀಲವನ್ನು ಮೊದಲು ದೂರ ಇಡಿ. ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಇಬ್ಬನಿ ಕೂತಿದ್ದರೆ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ. ತಿಂಗಳಿಗೊಮ್ಮೆ ದೊಡ್ಡ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದೇ ಬೂಷ್ಟು. ಮನೆಯಲ್ಲಿ ಬಿಚ್ಚಬೇಡಿ, ಪ್ರಿಸಂ ಕೂದಲೆಳೆ ಕದಲಿದರೂ ಒಂದು ನಕ್ಷತ್ರ ಎರಡಾಗುತ್ತದೆ. ರಿಪೇರಿಯವರಿಗೆ ಕೊಡಿ. ಕೊಡುವವರೆಗೆ ಕನ್ನಡಿ ಇರುವ ಡಬ್ಬಿಯಲ್ಲಿ ಬೂಷ್ಟು ಹಿಡಿದ ಬೈನಾಕ್ಯುಲರಿಗೆ ಜಾಗ ಇಲ್ಲ.