ತುಮಕೂರು ಕಡೆಯೋರು ಕುಡಿತ ಬಿಡೋಕೆ ಎಎ ಮೀಟಿಂಗ್ ಹುಡುಕೋದು ಹೆಂಗೆ

ಮೊದ್ಲು 14446ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಫ್ರೀ. ಜಿಲ್ಲಾಸ್ಪತ್ರೆ ಮನೋವೈದ್ಯರ ಹತ್ರಾನೂ ವಿಚಾರಿಸಿ. ಎಎ ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ರಿಗೊಬ್ರು ನೆರವಾಗೋರ ಗುಂಪು, 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿ ನರಳಿದ್ದ ಇಬ್ರೇ ಸೇರಿ ಶುರು ಮಾಡಿದ್ದು, ಫೀಸಿಲ್ಲ, ಬಿಡ್ಬೇಕು ಅನ್ನೋ ಆಸೆ ಇದ್ರೆ ಸಾಕು. ಎಷ್ಟೋ ಕಡೆ ಚರ್ಚ್ ರೂಮಲ್ಲಿ ನಡೀತದೆ, ಹಂಗಂತ ಮತಾಂತರ ಗಿತಾಂತರ ಏನೂ ಇಲ್ಲ ಕಣ್ರಿ, ಜಾಗ ಸಿಕ್ಕಿರುತ್ತೆ ಅಷ್ಟೆ.

ಫೋನಲ್ಲೇ ಮೂರು ಕೇಳ್ಕೊಳ್ಳಿ: ಕನ್ನಡದಲ್ಲಿ ನಡೆಯುತ್ತಾ, ಯಾವ ವಾರ ಎಷ್ಟೊತ್ತಿಗೆ, ಓಪನ್ನೋ ಕ್ಲೋಸ್ಡೋ. ಓಪನ್‌ಗೆ ಹೆಂಡ್ತಿ, ಅಣ್ಣ ಯಾರ್ ಬೇಕಾದ್ರೂ ಬರಬಹುದು, ಕ್ಲೋಸ್ಡ್ ಕುಡಿತ ಬಿಡಬೇಕು ಅನ್ನೋರಿಗೆ ಮಾತ್ರ. ಮನೆಯೋರಿಗೆ ಅಲ್-ಅನಾನ್ ಅಂತ ಬೇರೇನೇ ಇದೆ.

ಊರೋರು ನೋಡ್ಬಿಟ್ರೆ ಅನ್ನೋ ಭಯ ಇದ್ಯಾ? ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ, ಇಲ್ಲಾ ಆನ್‌ಲೈನ್ ಮೀಟಿಂಗ್ ಸೇರ್ಕೊಳ್ಳಿ. ಹೆಸರು ಪೂರ್ತಿ ಹೇಳೋದೂ ಬೇಡ, ಮೊದಲ ದಿನ ಸುಮ್ನೆ ಕೂತು ಕೇಳಿದ್ರೂ ಯಾರೂ ಬೈಯಲ್ಲ. ಒಂದು ಸಲ ಹಿಡಿಸಲಿಲ್ಲ ಅಂದ್ರೆ ಬೇರೆ ಗ್ರೂಪ್ ನೋಡಿ.

ಆದ್ರೆ ದಿನಾ ಜಾಸ್ತಿ ಕುಡಿಯೋರು ಒಮ್ಮೆಗೇ ನಿಲ್ಲಿಸ್ಬೇಡಿ, ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದ್ಲು ಡಾಕ್ಟ್ರು, ಆಮೇಲೆ ಮೀಟಿಂಗು.