ಉಬುಂಟುವಿಗೆ ಒಗ್ಗಿದ ವೈಫೈ ಡಾಂಗಲ್

ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ್ದ ಹಳೇ ಲ್ಯಾಪ್‌ಟಾಪ್‌ನ ವೈಫೈ ಕೆಟ್ಟಿತ್ತು. ದಾವಣಗೆರೆಯ ಅಶೋಕ ರಸ್ತೆಯ ಅಂಗಡಿಯೊಂದರಿಂದ ಯುಎಸ್‌ಬಿ ಡಾಂಗಲ್ ತಂದೆ. ಡಬ್ಬಿಯ ಮೇಲೆ ‘ಲಿನಕ್ಸ್’ ಅಂತ ಇತ್ತು, ಸುಮ್ನೆ ನಂಬಿದೆ. ಚುಚ್ಚಿದರೆ ಪರದೆಯ ಮೇಲೆ ಬಂದದ್ದು ಸಿಡಿ ಡ್ರೈವ್! ಒಳಗೆ ವಿಂಡೋಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇಟ್ಟುಕೊಂಡು ಕೂತಿತ್ತು. ಎಜೆಕ್ಟ್ ಮಾಡಿ, ಹೊರಗಿನ ಡ್ರೈವರ್ ಕಂಪೈಲ್ ಮಾಡಿದ (ಕೋಡ್‌ನಿಂದ ಕಟ್ಟಿಕೊಂಡ) ಮೇಲೆ ಓಡಿತು. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಅದೇ ಗೋಳು.

ಕೊನೆಗೆ ಕಂಪನಿ ಹೆಸರು ಬಿಟ್ಟು ಚಿಪ್ ನಂಬರ್ ಹುಡುಕಿದೆ. ಮೀಡಿಯಾಟೆಕ್‌ನ ಎಂಟಿ7612ಯು ಚಿಪ್‌ಗೆ ಬೇಕಾದ ಡ್ರೈವರ್ 2018ರ 4.19 ಆವೃತ್ತಿಯಿಂದಲೇ ಕರ್ನಲ್ ಒಳಗಿದೆ. ಅದನ್ನೇ ತರಿಸಿದೆ, ದುಡ್ಡು ಸ್ವಲ್ಪ ಜಾಸ್ತಿಯಾಯಿತು. ಚುಚ್ಚಿದೆ, ವೈಫೈ ಪಟ್ಟಿ ಬಂತು, ಅಷ್ಟೇ. ಅಗಲ ಮಾತ್ರ ಜಾಸ್ತಿ, ಪಕ್ಕದ ಪೋರ್ಟ್‌ಗೆ ಮೌಸ್ ಹೋಗುವುದಿಲ್ಲ. ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿದ್ದೇನೆ.